ಆಡಿಟ್ ಸಣ್ಣಯ್ಯನ ಸ್ನಾನ

“ನಿನ್ ಮದ್ವೇಲೂ ಇಷ್ಟು ದೊಡ್ಡ ಸಾಮಿಯಾನ ಆಕಿಸ್ನಿಲ್ವಲ್ಲಾ ನಿಮ್ಮಪ್ಪ! ಯಾರ್ದ್ಲಾ ಇದು?” ಎಂದು ಬೆಟ್ಟಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಲೇ ತಲೆಯೆತ್ತಿ ಕೇಳಿದಳು. ಸತ್ತವನ ಅಕ್ಕ ಅವಳು. ಹೊತ್ತಾರೆಯಿಂದ ಎಲ್ಲರಿಗಿಂತ ಗಟ್ಟಿಯಾಗಿ ಅತ್ತಿದ್ದಳು, ನಡುನಡುವೆ ಎಲ್ಲರಿಗಿಂತ ಹೆಚ್ಚು ಪ್ರಶ್ನೆಯನ್ನೂ ಕೇಳಿದ್ದಳು.

ಅಪ್ಪನ ತಲೆಯ ಹತ್ತಿರ ಬಾಳೆಹಣ್ಣಿಗೆ ಊದುಬತ್ತಿ ಚುಚ್ಚುತ್ತಿದ್ದ ಸಿದ್ದರಾಮು ತಿರುಗದೆಯೇ, “ಕನಕರಾಜಣ್ಣ ಕಳ್ಸವ್ರೆ ಅತ್ತೆ,” ಎಂದ.

ಗಂಡನ ಪಕ್ಕ ಚಾಪೆಯ ಮೇಲೆ ಕೂತಿದ್ದ ರೇವಮ್ಮನ ಅಳು ಅಲ್ಲಿಗೇ ನಿಂತುಹೋಯಿತು.

“ಯಾವ ಕನಕರಾಜು?”

“ಮಳವಳ್ಳಿ ಸುತ್ತಮುತ್ತ ಇನ್ನೆಷ್ಟು ಜನ ಕನಕರಾಜು ಅವ್ರೆ ಅವ್ವ? ಕಂಟ್ರಾಕ್ಟ್ರು.”

“ಬಿಚ್ಚಿಸ್ಬುಡು ಅದ.”

“ಅವ್ವ, ಅಪ್ಪನ್ನ ಬಿಸ್ಲಲ್ಲಿ ಮಲಗ್ಸನಾ?”

ಮೇ ತಿಂಗಳ ಬಿಸಿಲು, ಆಗಲೇ ಅಂಗಳದ ಮಣ್ಣು ಕಾಲು ಸುಡುತ್ತಿತ್ತು. ಹಿಂದಿನ ಸಂಜೆ ಮಂಡ್ಯದ ಆಸ್ಪತ್ರೆಯಲ್ಲಿ ಎದೆ ಹಿಡಿದುಕೊಂಡೇ ಹೋದವನು ಸಣ್ಣಯ್ಯ. ಈಗ ಬೆಂಚಿನ ಮೇಲೆ, ಮೂಗಿಗೆ ಹತ್ತಿ ಇಟ್ಟುಕೊಂಡು, ನೀಲಿ ಹಳದಿ ಪಟ್ಟೆಯ ನೆರಳಿನಲ್ಲಿ ಮಲಗಿದ್ದ. ಜನ ಕೂತಿದ್ದ ಪ್ಲಾಸ್ಟಿಕ್ ಕುರ್ಚಿಗಳ ಬೆನ್ನಮೇಲೆಲ್ಲ ಕನಕರಾಜನ ಹೆಸರಿತ್ತು. ಅಷ್ಟು ಹೊತ್ತಿನಿಂದ ಅದೇ ಕುರ್ಚಿಗಳನ್ನು ನೋಡುತ್ತ ಅತ್ತಿದ್ದೇನಲ್ಲ, ಕಣ್ಣಿಗೆ ಬೀಳಲೇ ಇಲ್ಲವಲ್ಲ ಎಂದು ರೇವಮ್ಮನಿಗೆ ಒಳಗೊಳಗೇ ಕುಟುಕಿತು.

ಪಂಚಾಯ್ತಿಗಳು ದುಡ್ಡನ್ನು ಸರಿಯಾಗಿ ಖರ್ಚು ಮಾಡಿದ್ದಾವೋ ಇಲ್ಲವೋ ನೋಡಿ ಬರೆಯುವ ಆಡಿಟ್ ಆಫೀಸಿನಲ್ಲಿ ಸಣ್ಣಯ್ಯ ಮೀಸೆ ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವವರೆಗೆ ದುಡಿದವನು. ಮದ್ದೂರು, ಮಳವಳ್ಳಿ, ಮಂಡ್ಯ, ಎಲ್ಲಿ ಹೋದರೂ ಅವನಿಗೊಂದು ಪಟ್ಟು. ಯಾವ ಊರಿನ ಲೆಕ್ಕ ನೋಡಲು ಹೋಗಿದ್ದಾನೋ ಆ ಊರಿನ ನೀರು ಬಾಯಿಗೆ ಹಾಕುವ ಹಾಗಿಲ್ಲ. ಊಟದ ಡಬ್ಬಿ ಮನೆಯದು, ನೀರು ಮನೆಯದು. ಟೀ ತಂದಿಟ್ಟರೆ ಅದರ ಮೇಲೆ ಕೆನೆ ಕಟ್ಟಿ, ನೊಣ ಬಿದ್ದು, ತಂದವನೇ ನಾಚಿಕೊಂಡು ಎತ್ತಿಕೊಂಡು ಹೋಗಬೇಕು. ಈ ವರ್ಷ ನೋಡಿದ ಊರಿಗೆ ಇನ್ನೊಂದು ವರ್ಷ ಮತ್ತೆ ಹೋಗಬೇಕಾಗಬಹುದಲ್ಲ? ಹಾಗಾಗಿ ಒಮ್ಮೆ ನೀರು ಬಿಟ್ಟ ಊರಿನಲ್ಲಿ ಆಮೇಲೂ ಬಿಟ್ಟ ಹಾಗೆಯೇ. ಬರಬರುತ್ತಾ ಜಿಲ್ಲೆಯಲ್ಲಿ ಅವನು ಬಾಯಾರಿಸಿಕೊಳ್ಳಬಹುದಾದ ಜಾಗವೇ ಕಡಿಮೆಯಾಯಿತು.

ಈ ಪಟ್ಟಿನ ಮೇಲೆ ರೇವಮ್ಮ ಗಂಡನ ಜೊತೆ ಆಡದ ಜಗಳವಿಲ್ಲ.

*

ಹೊಳಲು ಅವಳ ತವರು. ಅಣ್ಣನ ಮಗಳು ಮೋಹಿನಿಯ ಮದುವೆ. ಅಣ್ಣ ಆ ವರ್ಷ ಪಂಚಾಯ್ತಿ ಮೆಂಬರು. ಆ ಪಂಚಾಯ್ತಿಯ ಆಡಿಟ್ಟನ್ನು ತನಗೆ ಬೇಡವೆಂದು ಸಣ್ಣಯ್ಯ ಬೇರೆಯವರಿಗೆ ಬಿಟ್ಟುಕೊಟ್ಟಿದ್ದ, ನಿಜ. ಆದರೂ ಆಫೀಸು ಒಂದೇ ಅಲ್ಲವೇ? ಬಂದ, ಅಕ್ಷತೆ ಹಾಕಿದ, ಊಟದ ಹೊತ್ತಿಗೆ ಹೊಂಗೆಮರದ ಕೆಳಗೆ ಹೋಗಿ ಡಬ್ಬಿ ಬಿಚ್ಚಿದ. ಮೊಸರನ್ನ.

ಬಡಿಸುತ್ತಿದ್ದ ಬಕೆಟ್ಟನ್ನು ಕೈಯಲ್ಲಿ ಹಿಡಿದೇ ಅಣ್ಣ ಅಲ್ಲಿಗೆ ಬಂದ. “ನಮ್ಮನೆ ಅನ್ನದಲ್ಲಿ ಇಸ ಬೆರ್ಸಿದ್ದೀವಾ ಭಾವ?”

“ಅಂಗಲ್ಲ ಕಣೋ. ನಾಳೆ ಯಾರಾದ್ರೂ ಕೇಳುದ್ರೆ...”

“ಯಾರ್ ಕೇಳಾರು? ಮಗಳ ಮದ್ವೇಲಿ ಭಾವ ಉಂಡ ಅಂತ ಯಾವನ್ ಕೇಳಾನು? ಏಳಿ, ನನ್ ಮಾನ ಕಳೀಬ್ಯಾಡಿ.”

ಸಣ್ಣಯ್ಯ ಏಳಲಿಲ್ಲ. ಮೊಸರನ್ನವನ್ನು ತಲೆ ತಗ್ಗಿಸಿಕೊಂಡು ತಿಂದು ಮುಗಿಸಿದ. ವಾಪಸು ಬರುವ ಬಸ್ಸಿನಲ್ಲಿ ರೇವಮ್ಮ ಮಂಡ್ಯ ದಾಟುವವರೆಗೆ ಬಾಯಿ ಬಿಡಲಿಲ್ಲ. ಆಮೇಲೆ ಬಿಟ್ಟಳು.

“ಇಷ್ಟು ವರ್ಸ ಬರ್ದ್ರಲ್ಲ, ಅದ್ರಿಂದ ಒಬ್ಬ, ಒಬ್ಬಾನೊಬ್ಬ, ಜೈಲ್ಗೋದ್ನಾ?”

“ನಾನು ಬರೆಯೋನು ಕಣೆ. ಅದನ್ನ ಓದಿ ಕ್ರಮ ತಗೊಳ್ಳೋರು ಬ್ಯಾರೆ ಅವ್ರೆ.”

“ಓದಾರಾ ಅವ್ರು?”

ಮುಂದೆ ಕಬ್ಬಿನ ಲಾರಿಯೊಂದು ರಸ್ತೆ ತುಂಬ ಅಲ್ಲಾಡುತ್ತ ಹೋಗುತ್ತಿತ್ತು. ಸಣ್ಣಯ್ಯ ಅದನ್ನೇ ನೋಡುತ್ತ ಕೂತ. ಅವತ್ತಿನಿಂದ ಹೊಳಲಿನವರು ಈ ಮನೆಯ ಹೊಸಿಲು ತುಳಿಯಲಿಲ್ಲ.

*

ಇವತ್ತೂ ಬಂದಿರಲಿಲ್ಲ. ಬಂದಿದ್ದವರು ಊರಿನ ಜನ, ಒಂದಿಬ್ಬರು ಆಫೀಸಿನವರು, ಆಮೇಲೆ ಮಳವಳ್ಳಿಯಿಂದ ಟಿವಿಎಸ್ ಏರಿಕೊಂಡು ಬಂದ ಅಕ್ರಂ ಪಾಷಾ. ಸಣ್ಣಯ್ಯನ ಜೊತೆ ಊರೂರು ಸುತ್ತಿದ ಅಟೆಂಡರ್ ಅವನು. ಗುಲಾಬಿ ಹಾರ ಹಾಕಿ, ಕಾಲ ಬಳಿ ಕೂತು, ಮಗುವಿನಂತೆ ಬಿಕ್ಕಿದ.

ಅಷ್ಟರಲ್ಲಿ ಇಬ್ಬರು ಹುಡುಗರು ಮನೆ ಮುಂದಿನ ಲೈಟುಕಂಬ ಹತ್ತಿ ಫ್ಲೆಕ್ಸ್ ಕಟ್ಟಿದರು. ‘ಪ್ರಾಮಾಣಿಕ ಅಧಿಕಾರಿಗೆ ಭಾವಪೂರ್ಣ ಶ್ರದ್ಧಾಂಜಲಿ.’ ಮೇಲೆ ಕನಕರಾಜ ಕೈಮುಗಿದು ನಿಂತಿದ್ದ. ಕೆಳಗೆ ಅವನ ಕಡೆಯವರ ಮುಖಗಳ ಸಾಲು. ಮೂಲೆಯ ದುಂಡನೆಯ ಚೌಕಟ್ಟಿನೊಳಗೆ ಸಣ್ಣಯ್ಯ.

“ಸತ್ತೋರ್ ಯಾರು ಅಂತಾನೇ ಗೊತ್ತಾಗಾಕಿಲ್ವಲ್ಲಮ್ಮಿ!” ಎಂದಳು ಬೆಟ್ಟಮ್ಮ. ಯಾರೋ ಕಿಸಕ್ಕೆಂದು, ಕೆಮ್ಮಿನಂತೆ ಮಾಡಿ ನುಂಗಿಕೊಂಡರು.

ರೇವಮ್ಮ ನಗಲಿಲ್ಲ. “ಅಕ್ರಂ, ಅದೇನೋ ನೀರಿಂದು ಬರ್ದಿದ್ರಲ್ಲ ಇವ್ರು, ಈ ಕನಕರಾಜಂದೇ ಅಲ್ವಾ ಅದು?”

“ಇವ್ರದೇ ಕಂಟ್ರಾಕ್ಟು ಅಕ್ಕ. ಮುತ್ತನದೊಡ್ಡೀದು.” ಅಕ್ರಂ ಕಣ್ಣೊರೆಸಿಕೊಂಡ. ಸಾಹೇಬರ ಮಾತು ಬಂದರೆ ಅವನಿಗೆ ಅಳುವೂ ನಗುವೂ ಒಟ್ಟಿಗೇ ಬರುತ್ತಿದ್ದವು. “ಇಂಥದೇ ಬಿಸ್ಲು. ಬಾಟ್ಲು ನೀರು ಮಧ್ಯಾನ್ನಕ್ಕೇ ಖಾಲಿ. ಪಂಚಾಯ್ತಿ ಆಫೀಸ್ನಲ್ಲಿ ಮಡಕೆ ನೀರು ತಣ್ಣಗೆ ಕುಂತದೆ. ಒಂದ್ ಲೋಟ ಕುಡೀರಿ ಸಾಹೇಬ್ರೇ, ಯಾರಿಗ್ ಗೊತ್ತಾಗ್ತದೆ ಅಂದೆ. ಊಹ್ಞೂಂ. ಬಾ ಅಂತ ಬೀದಿಗ್ ಕರ್ಕೊಂಡ್ ಓದ್ರು. ಅಲ್ಲೊಂದು ಶುದ್ಧ ನೀರಿನ ಘಟಕ. ಕಾಯಿನ್ ಆಕಿದ್ರೆ ನೀರು. ಕಾಸು ಕೊಟ್ಟು ಕುಡುದ್ರೆ ಯಾರ ಋಣಾನೂ ಇಲ್ಲ ಅಂತ ಕಾಯಿನ್ ಆಕಿದ್ರು. ಟಣ್ ಅಂತು. ನೀರಿಲ್ಲ. ಇನ್ನೊಂದ್ ಆಕಿದ್ರು. ಟಣ್. ಬಗ್ಗಿ ನಲ್ಲಿ ಒಳಗೆ ನೋಡ್ತಾವ್ರೆ! ಮೇಕೆ ಮೇಯಿಸ್ತಿದ್ದ ಮುದ್ಕಿ ಬಂದು, ಯಾವ ದೇವ್ರಿಗ್ ಅರಕೆ ಒತ್ಕೊಂಡಿದ್ದೆ ಮಗ, ಅದು ಉಂಡಿ ಕಣಪ್ಪ, ನಾವೂ ಆಕಿದ್ದೀವಿ ಅಂದ್ಳು!”

ಕುರ್ಚಿಗಳಲ್ಲಿದ್ದವರೆಲ್ಲ ನಕ್ಕರು. ಹೆಣದ ಮುಂದೆ ಎಂಬುದು ಒಂದು ಗಳಿಗೆ ಮರೆತೇಹೋಯಿತು.

“ಲೆಕ್ಕದ ಪ್ರಕಾರ ಆ ಮಿಸೀನು ಚೆನ್ನಾಗಿ ಓಡ್ತಾ ಅದೆ. ತಿಂಗ್ಳು ತಿಂಗ್ಳೂ ರಿಪೇರಿ ಬಿಲ್ಲು, ಫಿಲ್ಟ್ರು ಬಿಲ್ಲು. ಸಾಹೇಬ್ರು ವಾಪಸ್ ಬಂದು, ಒಣಗಿದ್ ಬಾಯಲ್ಲೇ ಕುಂತು, ಎಲ್ಲಾನೂ ಬರುದ್ರು.”

“ಆಮೇಕೆ?” ಎಂದರು ಯಾರೋ.

“ಆಮೇಕೇನು? ದುರಸ್ತೀಲಿ ಅದೆ ಅಂತ ಉತ್ರ ಬಂತು. ಮುಂದಿನ್ ವರ್ಸ ಸಾಹೇಬ್ರು ತಿರ್ಗಾ ಬರುದ್ರು. ತಿರ್ಗಾ ಅದೇ ಉತ್ರ. ಸಾಹೇಬ್ರು ರಿಟೈರ್ ಆದ್ರು.”

ಹಿಂದಿನಿಂದ ದೊಡ್ಡ ನಗು ಕೇಳಿಸಿತು. ಬಿಳಿ ಷರಟಿನ, ದಪ್ಪ ಕೊರಳಿನ ಕನಕರಾಜ ಯಾವಾಗ ಬಂದು ನಿಂತಿದ್ದನೋ ಏನೋ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. “ಆ ಎರಡು ಕಾಯಿನ್ನು ನಾನು ಅಣ್ಣಂಗೆ ವಾಪಸ್ ಕೊಡ್ಬೇಕಿತ್ತು ಕಣೋ ಪಾಷಾ!”

ಉಳಿದವರ ನಗು ಉಡುಗಿತು. ಕನಕರಾಜ ಮುಂದೆ ಬಂದು, ಸಣ್ಣಯ್ಯನ ಕಾಲಿಗೆ ಹಣೆ ಹಚ್ಚಿದ. ಎದ್ದಾಗ ಅವನ ಕಣ್ಣಿನ ನೀರು ಅಳುವಿನದಾಗಿತ್ತು. ನಾಟಕವಾಗಿದ್ದರೆ ರೇವಮ್ಮನಿಗೆ ಎಷ್ಟೋ ಸುಲಭವಾಗುತ್ತಿತ್ತು. ಆದರೆ ಅವನು ನಿಜವಾಗಿ ಅಳುತ್ತಿದ್ದ.

*

ಊರಿನ ಹಿರಿಯ ಶಿವರಾಮು ಎದ್ದು, “ಒತ್ತಾಯ್ತು ಕಣ್ರಪ್ಪ, ಮೈ ತೊಳೀರಿ,” ಎಂದ. ಆಗ ಎಲ್ಲರಿಗೂ ನೀರಿನ ನೆನಪಾಯಿತು.

ಹಿತ್ತಲ ಡ್ರಮ್ಮು ಖಾಲಿ. ಬೋರಿನ ಮೋಟಾರು ಇದೆ, ಆದರೆ ಬೆಳಗ್ಗೆಯಿಂದ ಕರೆಂಟಿಲ್ಲ. ನಾಲೆಗೆ ನೀರು ಬಿಟ್ಟು ಯಾವ ಕಾಲವಾಯಿತೋ. ಸ್ಕೂಲಿನ ಹತ್ತಿರದ ಕೈಪಂಪಿನ ಹಿಡಿಯೇ ಇಲ್ಲ.

“ಯೋಚ್ನೆ ಯಾಕೆ? ನನ್ ಟ್ಯಾಂಕರ್ ಬತ್ತಾ ಅದೆ,” ಎಂದ ಕನಕರಾಜ ಫೋನು ಜೇಬಿಗಿಳಿಸುತ್ತ.

ರೇವಮ್ಮ ಚಾಪೆಯಿಂದ ಎದ್ದಳು. ಹೆಣದ ಪಕ್ಕದಿಂದ ಹೆಂಡತಿ ಹಾಗೆ ಏಳುವುದಿಲ್ಲ.

“ಎಲ್ಲಿಗಮ್ಮಿ?” ಬೆಟ್ಟಮ್ಮ ಸೆರಗು ಹಿಡಿದಳು.

“ಬುಡಿ ಅತ್ಗೆಮ್ಮ. ನೆರಳು ಅವನ್ದಾಯ್ತು, ಕುರ್ಚಿ ಅವನ್ದಾಯ್ತು. ಮೈಮೇಲೆ ಉಯ್ಯೋ ನೀರಾದ್ರೂ ಅವನ್ದು ಬ್ಯಾಡ.”

“ನೀನೇ ತಾನೇ ಬದುಕಿದ್ದಾಗೆಲ್ಲ ಅವನ ಪಟ್ಟಿಗೆ ಉಗೀತಿದ್ದೆ?”

“ಉಗೀತಿದ್ದೆ. ಅವ್ರು ಬದುಕಿದ್ರು. ಅವ್ರ ಪಟ್ಟು ಅವ್ರೇ ಕಾಯ್ತಿದ್ರು.”

ಕೊಡ ಎತ್ತಿಕೊಂಡು ಅವಳು ಬೀದಿಗಿಳಿದಳು. ಕೆದರಿದ ಕೂದಲು, ಅತ್ತು ಊದಿದ ಮುಖ. ಬೀದಿಯ ನಾಯಿಗಳೂ ದಾರಿ ಬಿಟ್ಟವು. ಪಕ್ಕದ ಮನೆ ಪಟ್ಟಲಮ್ಮ ಬಾಗಿಲಲ್ಲೇ ಸಿಕ್ಕಿದಳು.

“ಪಟ್ಟಲಕ್ಕ, ಒಂದ್ ಕೊಡ ನೀರು ಕೊಡು. ಅವರ ಮೈಗೆ.”

“ಅಯ್ಯೋ ನನ್ನವ್ವ, ಅದ್ಕೆ ನೀನ್ಯಾಕೆ ಬಂದೆ? ತಕ್ಕೊಂಡೋಗು, ಅರ್ಧ ಕೊಡ ಅದೆ. ನಾವು ಎಂಗೋ ಮಾಡ್ಕೋತೀವಿ.” ಪಟ್ಟಲಮ್ಮ ಒಳಗೋಡಿ ಕೊಡ ತಂದು ಬಗ್ಗಿಸಹೊರಟವಳು, ಹಾಗೇ ಒಂದು ಮಾತು ಸೇರಿಸಿದಳು. “ನಿನ್ನೆ ಇಡ್ದಿದ್ದು, ಹಳಸಿಲ್ಲ. ಕನಕರಾಜನ ಟ್ಯಾಂಕರ್ ನೀರು ಒಳ್ಳೆ ಸಿಹಿ ಕಣಮ್ಮ.”

ರೇವಮ್ಮ ತನ್ನ ಕೊಡವನ್ನು ಹಿಂದಕ್ಕೆ ಎಳೆದುಕೊಂಡಳು. “ಬ್ಯಾರೆ ಯಾರ ಮನೇಲಾದ್ರೂ?”

“ಎಲ್ಲಾರ್ ಮನೇಲೂ ಅದೇಯಾ. ವಾರದಿಂದ ಇನ್ನೆಲ್ಲದೆ ನೀರು ಈ ಊರಲ್ಲಿ?”

ಬರಿಯ ಕೊಡದೊಂದಿಗೆ ಅವಳು ತಿರುಗಿ ಬಂದಾಗ ಟ್ಯಾಂಕರ್ ಮನೆ ಮುಂದೆ ನಿಂತಿತ್ತು. ಸಿದ್ದರಾಮು ಎದುರಿಗೆ ಬಂದ. ಮಳವಳ್ಳಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಅವನು. ಕೋಪ ಬಂದರೂ ದನಿ ಎತ್ತಲು ಬಾರದ ಅಪ್ಪನ ಮಗ.

“ಅವ್ವ, ನಂಗೂ ಗೊತ್ತು. ಆದ್ರೆ ಏನ್ಮಾಡನ? ಈ ಬಿಸ್ಲಲ್ಲಿ ನೆಲ ಕಲ್ಲಂಗಾಗದೆ, ಗುಂಡಿ ತೋಡಕ್ಕೆ ಆಳಿಲ್ಲ. ಹೊಲದಲ್ಲಿ ತೋಡ್ತಿರೋ ಜೆಸಿಬಿನೂ ಅವ್ರದೇ. ಹೊತ್ತಾರೆ ಅತ್ತೆ ನಿಂಗೆ ಕುಡಿಯಕ್ಕೆ ಕೊಟ್ಳಲ್ಲ ಒಂದ್ ಲೋಟ, ಅದೂ ಪಟ್ಟಲಮ್ಮನ ಮನೇದೇಯಾ.”

ಕನಕರಾಜ ಕೈಕಟ್ಟಿಕೊಂಡು ಹತ್ತಿರ ಬಂದ. “ರೇವಕ್ಕ, ನಾನೇನು ಲಂಚ ಕೊಡಕ್ಕೆ ಬಂದಿದ್ದೀನಾ? ಅಣ್ಣ ಈಗ ಯಾವ ಕಾಗ್ದಕ್ಕೆ ಸೈನ್ ಆಕ್ಬೇಕಾಗದೆ ಏಳು?”

“ಅವ್ರು ಬರ್ದಿದ್ನ ಅಳಿಸ್ಬುಟ್ರಾ?” ಎಂದು ರೇವಮ್ಮ ಕೇಳಿದಳು. ಅಳಿಸಿದ್ದೇವೆ ಎನ್ನಲಿ, ಹರಿದು ಹಾಕಿದ್ದೇವೆ ಎನ್ನಲಿ. ಆಗ ಕೊಡವನ್ನು ಎತ್ತಿ ಅವನ ಮೇಲೆ ಎಸೆಯಬಹುದಿತ್ತು.

“ಅಳ್ಸದ್ಯಾಕಕ್ಕ? ಅಂಗೇ ಅದೆ. ಆಡಿಟ್ನೋರು ವರ್ಸಾ ವರ್ಸಾ ಕೇಳ್ತಾರೆ, ಪಂಚಾಯ್ತಿಯೋರು ವರ್ಸಾ ವರ್ಸಾ ಉತ್ರ ಬರೀತಾರೆ. ನನ್ನ ಒಂದಿನಾನೂ ಯಾರೂ ಕರ್ದು ಕೇಳ್ನಿಲ್ಲ. ನಿನ್ ತಾಯಾಣೆಗೂ ಅಣ್ಣನ ಮೇಲೆ ನಂಗೆ ಒಂಚೂರೂ ಕ್ವಾಪ ಇಲ್ಲ. ಅವ್ರು ಬರ್ದಿದ್ರಿಂದ ನಂಗೆ ಏನ್ ತೊಂದ್ರೆ ಆಯ್ತು ಏಳು, ಕ್ವಾಪ ಮಾಡ್ಕಳಕ್ಕೆ?”

ಅವನು ಅದನ್ನು ಸಮಾಧಾನಕ್ಕೆಂದೇ ಹೇಳಿದ್ದ. ರೇವಮ್ಮ ಕೊಡವನ್ನು ನೆಲಕ್ಕಿಟ್ಟಳು. ಬೆಟ್ಟಮ್ಮ ಬಂದು ತೋಳು ಹಿಡಿದು ಕೂರಿಸಿದಳು. ಟ್ಯಾಂಕರಿನ ನಲ್ಲಿಗೆ ಪೈಪು ಸಿಕ್ಕಿಸಿದರು. ಬಕೆಟ್ಟು ತುಂಬುವ ಸದ್ದು ಕೇಳಿ ಅವಳು ಕಣ್ಣು ಮುಚ್ಚಿಕೊಂಡಳು.

*

ರಿಟೈರಾದ ಮೇಲೂ ಸಣ್ಣಯ್ಯ ಪ್ರತಿ ಬೇಸಿಗೆಯಲ್ಲಿ ಒಂದು ದಿನ ಬಸ್ಸು ಹತ್ತಿ ಮುತ್ತನದೊಡ್ಡಿಗೆ ಹೋಗಿ ಬರುತ್ತಿದ್ದ. ಇದು ಅಕ್ರಂಗೂ ಗೊತ್ತಿರಲಿಲ್ಲ, ರೇವಮ್ಮನಿಗೆ ಮಾತ್ರ ಗೊತ್ತು. ಒಂದು ಸಲ ಮದ್ದೂರಿನಲ್ಲಿ ಸೀರೆ ಕೊಡಿಸುತ್ತೇನೆಂದು ಹೊರಡಿಸಿಕೊಂಡು, ದಾರಿಯಲ್ಲಿ ಅವಳನ್ನೂ ಇಳಿಸಿದ.

ಘಟಕದ ಬಾಗಿಲಿಗೆ ಬೀಗ. ಗೋಡೆಯ ಬಣ್ಣ ಮಾತ್ರ ಹೊಸದು. ಸಣ್ಣಯ್ಯ ಬಾಟಲಿಯ ಮುಚ್ಚಳ ತೆಗೆದು ನಲ್ಲಿಯ ಕೆಳಗೆ ಹಿಡಿದ, ಜೇಬಿನಿಂದ ಕಾಯಿನ್ ತೆಗೆದು ಹಾಕಿದ. ಟಣ್. ಕಾದ. ಬಗ್ಗಿದ ಬೆನ್ನು ಬಗ್ಗಿದ ಹಾಗೆಯೇ. ರೇವಮ್ಮನಿಗೆ ಅತ್ತಿತ್ತ ನೋಡಿ ನಾಚಿಕೆಯಾಯಿತು.

“ಬತ್ತದೆ ಅಂತ ಅನ್ಕೊಂಡಿದ್ರಾ?”

“ಬರಬಾರ್ದು ಅಂತೇನೂ ಇಲ್ವಲ್ಲ,” ಎಂದ ಸಣ್ಣಯ್ಯ.

“ನಿಮ್ಗೇನ್ ಉಚ್ಚು ಇಡ್ದದಾ? ಈಗ ನಿಮ್ಮನ್ನ ಯಾರು ಕೇಳ್ತಾರೆ? ನೀವು ಯಾರಿಗ್ ಬರೀತೀರಿ?”

“ಯಾರಿಗೂ ಬರಿಯಲ್ಲ ಕಣೆ. ಸುಮ್ನೆ.” ಮುಚ್ಚಳ ಹಾಕುತ್ತ ಹಾಕುತ್ತ ಅವನು ಇನ್ನೊಂದು ಸಲ ನಲ್ಲಿಯ ಕಡೆ ನೋಡಿದ. “ಒಂದ್ ವರ್ಸ ಬಂದ್ರೆ, ಬಂತು ಅಂತ ನಮಗೂ ಗೊತ್ತಾಗ್ಬೇಕಲ್ವಾ.”

ಮದ್ದೂರಿನ ಅಂಗಡಿಯಲ್ಲಿ ಅವಳು ಬೇಕೆಂದೇ ಬೆಲೆಯ ಸೀರೆ ಆರಿಸಿದಳು. ಅವನು ಚೌಕಾಸಿ ಮಾಡದೆ ಕೊಡಿಸಿದ.

*

ಮೈ ತೊಳೆದು, ಹೊಸ ಪಂಚೆ ಉಡಿಸಿ, ಚಟ್ಟಕ್ಕೆ ಕಟ್ಟಿದರು. ಹೆಗಲು ಕೊಡಲು ಮುಂದೆ ಸಿದ್ದರಾಮು, ಪಕ್ಕದಲ್ಲಿ ಬೆಟ್ಟಮ್ಮನ ಮಗ. ಹಿಂದೆ ಒಂದು ಕಡೆ ಅಕ್ರಂ ಪಾಷಾ ಟೋಪಿ ಸರಿಮಾಡಿಕೊಂಡು ನಿಂತ. ಆ ಜಾಗ ಹೆಂಡತಿಯ ತವರಿನವರದು. ಅವನು ಅಲ್ಲಿ ನಿಂತಿದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ಇನ್ನೊಂದು ಮೂಲೆ ಖಾಲಿ ಇತ್ತು. ಶಿವರಾಮು ಸುತ್ತ ಕಣ್ಣಾಡಿಸಿದ. ಗಂಡಸರೆಲ್ಲ ಕನಕರಾಜನ ಮುಖ ನೋಡಿದರು, ಕನಕರಾಜ ರೇವಮ್ಮನ ಮುಖ ನೋಡಿದ, ರೇವಮ್ಮ ನೆಲ ನೋಡಿದಳು. ಅವನು ಚಪ್ಪಲಿ ಬಿಟ್ಟು ಬಂದು ಬಗ್ಗಿದ.

ಎತ್ತರದ ಆಳು. ಅವನು ನಿಂತ ಮೂಲೆ ಮೇಲಾಗಿ, ಸಣ್ಣಯ್ಯನ ತಲೆ ಅಕ್ರಂ ಕಡೆಗೆ ವಾಲಿತು.

“ಬಗ್ಗಿ ನಡೀಲಾ ಕನಕ!” ಎಂದು ಶಿವರಾಮು ಗದರಿದ. ಕನಕರಾಜ ಮೊಣಕಾಲು ಮಡಿಸಿಕೊಂಡೇ ಬೀದಿಯುದ್ದಕ್ಕೂ ನಡೆದ. ತಮಟೆಯ ಸದ್ದು ತಿರುವಿನಲ್ಲಿ ಸಣ್ಣಗಾಗುವ ಹೊತ್ತಿಗೆ, ಹಿತ್ತಲಲ್ಲಿ ಗುಂಯ್ ಎಂದು ಮೋಟಾರು ಶುರುವಾಯಿತು. ಕರೆಂಟು ಬಂದಿತ್ತು. ಖಾಲಿ ಡ್ರಮ್ಮಿನೊಳಕ್ಕೆ ನೀರು ದಬದಬ ಬಿತ್ತು.

“ಬಂತಲ್ಲವ್ವ ನಿಮ್ಮನೆ ನೀರು,” ಎಂದಳು ಪಟ್ಟಲಮ್ಮ ಖುಷಿಯಿಂದಲೇ. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಹೊತ್ತಿಳಿದ ಮೇಲೆ ಮಣ್ಣು ಮಾಡಿದವರು ವಾಪಸು ಬಂದರು. ಹೆಣ ಮಲಗಿದ್ದ ಜಾಗವನ್ನು ಸಾರಿಸಿ ಸೊಸೆ ಅರ್ಪಿತ ಅಲ್ಲಿ ಎಣ್ಣೆದೀಪ ಹಚ್ಚಿಟ್ಟಿದ್ದಳು. ಆ ದೀಪಕ್ಕೆ ಕೈಮುಗಿದೇ ಎಲ್ಲರೂ ತಂತಮ್ಮ ಮನೆಗೆ ಹೋಗಬೇಕು. ಒಬ್ಬೊಬ್ಬರಾಗಿ ಬಂದು, ಮುಗಿದು, ಹೋದರು. ಹೋಗುವಾಗ ಹೋಗುತ್ತೇನೆಂದು ಹೇಳುವಂತಿಲ್ಲ. ಅಕ್ರಂ ಹೇಳದೆ ಹೋದ. ಬೆಟ್ಟಮ್ಮ ಅಲ್ಲೇ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು.

ಕೊನೆಗೆ ಕನಕರಾಜ ಬಂದ. ಬಿಳಿ ಷರಟಿನ ಹೆಗಲೆಲ್ಲ ಅರಿಶಿನ, ಮಣ್ಣು. ಮಂಡಿ ನೋಯುತ್ತಿತ್ತೇನೋ, ಮೆಲ್ಲಗೆ ದೀಪದ ಮುಂದೆ ಕುಕ್ಕರಗಾಲಲ್ಲಿ ಕೂತ.

“ಮೂರನೇ ದಿನದ ಹಾಲು ತುಪ್ಪಕ್ಕೆ ಏನ್ ಬೇಕೋ ಏಳಕ್ಕ. ಬೆಳಗ್ಗೇನೇ ಕಳಿಸ್ತೀನಿ.”

“ಏನೂ ಬ್ಯಾಡ.”

“ಅಂಗನ್ಬ್ಯಾಡ. ಅಣ್ಣನಂಥೋರು ಇನ್ನೊಬ್ಬರು ಉಟ್ಟಲ್ಲ ಈ ಜಿಲ್ಲೇಲಿ.”

“ಉಟ್ಟುದ್ರೂ ಏನ್ ಮಾಡಾರು?” ಎಂದಳು ರೇವಮ್ಮ.

ಹೊರಗೆ ಕನಕರಾಜನ ಹುಡುಗರು ಶಾಮಿಯಾನ ಬಿಚ್ಚುತ್ತಿದ್ದರು. ಹಗ್ಗ ಸಡಿಲವಾಗಿ ಬಟ್ಟೆಯ ಒಂದು ತುದಿ ದೊಪ್ಪನೆ ಕಳಚಿ ಬಿತ್ತು. ಅದರಡಿಯ ಗಾಳಿ ಅಂಗಳದ ದೂಳನ್ನು ಎತ್ತಿಕೊಂಡು ಒಳಗೆ ನುಗ್ಗಿತು. ದೀಪದ ಕುಡಿ ಬಗ್ಗಿ ಬತ್ತಿಗೆ ಅಂಟಿಕೊಂಡು ನೀಲಿಯಾಯಿತು. ರೇವಮ್ಮ ಮುಂದಕ್ಕೆ ಬಾಗಿದಳು. ಹೆಣ ಎತ್ತಿದಾಗಿನಿಂದ ಮಡಿಸಿಕೊಂಡೇ ಕೂತಿದ್ದ ಕಾಲು ಜೋಮು ಹಿಡಿದು ಏಳಲಿಲ್ಲ.

ಅಷ್ಟರಲ್ಲಿ ಕನಕರಾಜ ಎರಡು ಕೈಗಳನ್ನೂ ಬೊಗಸೆ ಮಾಡಿ ದೀಪಕ್ಕೆ ಅಡ್ಡ ಹಿಡಿದಿದ್ದ. ಕುಡಿ ಅವನ ಅಂಗೈಗಳ ನಡುವೆ ಒಮ್ಮೆ ನಡುಗಿ, ಮೆಲ್ಲಗೆ ನೆಟ್ಟಗಾಯಿತು. ಗಾಳಿ ನಿಂತ ಮೇಲೂ ಅವನು ಕೈ ತೆಗೆಯಲಿಲ್ಲ. ರೇವಮ್ಮ ಚಾಚಿದ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡು, ಅವನ ಬೆರಳ ಸಂದಿಗಳಲ್ಲಿ ಕೆಂಪಗೆ ತೂರುತ್ತಿದ್ದ ಬೆಳಕನ್ನು ನೋಡುತ್ತ ಕೂತಳು.